ಎರಡೂವರೆ ಮೊಳದ ಬೆಲ್ಟು

ತಪ್ಪು ಮಾಡಲು ದೊಡ್ಡ ತಯಾರಿಯೇನೂ ಬೇಡ, ಕೈಗೆ ಒಂದು ತುಂಡು ಚರ್ಮ ಸಿಕ್ಕರೆ ಸಾಕು ಎಂಬುದು ಕಳೆದ ಒಂದು ವರ್ಷದಲ್ಲಿ ನಾನು ಕಂಡುಕೊಂಡ ಸತ್ಯ. ಮಾಡಿದ ತಪ್ಪನ್ನು ತಿದ್ದಲು ಹೋದರೆ ಇನ್ನೆರಡು ಆಗುತ್ತವೆ. ಅವನ್ನು ಎಣಿಸುವುದನ್ನು ಬಿಟ್ಟು ನೆನಪಿರುವಷ್ಟನ್ನು ಬರೆದಿಡುತ್ತಿದ್ದೇನೆ.

ಮೊದಲು ಒಂದು ಮಾತು. ನಾನು ಹೆಚ್ಚು ಮಾತಾಡುವವಳಲ್ಲ. ಯಾರಾದರೂ ನನ್ನನ್ನು ತಪ್ಪು ತಿಳಿದುಕೊಂಡರೆ, ತಿದ್ದುವುದಕ್ಕಿಂತ ಹೂಂ ಅಂದುಬಿಡುವುದೇ ಸಲೀಸು ಎಂದು ನಂಬಿದವಳು. ಕುಂದಲಹಳ್ಳಿಯಲ್ಲಿ ಆಫೀಸು, ಹೂಡಿಯಲ್ಲಿ ಬಾಡಿಗೆ ರೂಮು, ಚಿಕ್ಕಬಾಣಾವರದಲ್ಲಿ ಅಪ್ಪ ಅಮ್ಮ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಉತ್ತರ ಎಷ್ಟೇ ಸರಿಯಿರಲಿ, ಪಕ್ಕದಲ್ಲಿ ಸೆಂಟಿಮೀಟರೋ ಗ್ರಾಮೋ ಬರೆಯದಿದ್ದರೆ "ಏಕಮಾನ ಇಲ್ಲ, ಅರ್ಧ ಅಂಕ ಕಟ್" ಅನ್ನುವವರು. ಮನೆಯಲ್ಲಿ ನನಗೂ ಎಷ್ಟೋ ಅರ್ಧ ಅಂಕಗಳು ಕಟ್ ಆಗಿವೆ.

ಅವರ ಬೆಲ್ಟು ನಾನು ಕಾಲೇಜಿಗೆ ಸೇರುವ ಮುಂಚಿನದು. ಅಲ್ಲಲ್ಲಿ ಬಿರುಕು, ತುದಿ ಹಾರಾಡದಂತೆ ಒಂದು ರಬ್ಬರ್ ಬ್ಯಾಂಡು. ಅವರು ನಿವೃತ್ತಿಯಾಗುವ ದಿನ, ಸ್ಕೂಲಿನ ಬೀಳ್ಕೊಡುಗೆಗೆ, ನನ್ನ ಕೈಯಾರೆ ಮಾಡಿದ ಬೆಲ್ಟು ಹಾಕಿಕೊಂಡು ಹೋಗಬೇಕು ಎಂದು ನನಗೆ ಆಸೆಯಾಯಿತು. ಅದಕ್ಕಾಗಿ ಪ್ರತಿ ಭಾನುವಾರ ಪೀಣ್ಯಕ್ಕೆ ಚರ್ಮದ ಕೆಲಸ ಕಲಿಯಲು ಹೋಗತೊಡಗಿದೆ. ಅಪ್ಪನಿಗೆ ಹೇಳಲಿಲ್ಲ. "ಭಾನುವಾರ ಏನಮ್ಮ ಕ್ಲಾಸು?" ಅಂದರು. "ಆಫೀಸಿಂದು" ಅಂದೆ. ಅವರು ಮುಂದೆ ಕೇಳಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಮುಂದೆ ಕೇಳುವುದಿಲ್ಲ. ಈ ಕಥೆಯ ಅರ್ಧ ತೊಂದರೆ ಅದರಿಂದಲೇ ಆದದ್ದು.

೧. ನನ್ನನ್ನು ನೋಡಲು ಬಂದವಳು

ಕಲಿಸುವ ಮೇಸ್ತ್ರಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಶೂಗಳಿಗೆ ಚರ್ಮ ಕತ್ತರಿಸುತ್ತಿದ್ದವರು. ಈಗ ಒಂದು ಲೇತ್ ಶೆಡ್ಡಿನ ಅರ್ಧ ಭಾಗದಲ್ಲಿ ನಾಲ್ಕು ಮೇಜು ಹಾಕಿಕೊಂಡಿದ್ದಾರೆ. ಲೇತ್ ಓಡುವಾಗ ಅವರ ಮಾತು ಕೇಳುವುದಿಲ್ಲ, ನಿಂತಾಗ ಅವರು ಮಾತಾಡುವುದಿಲ್ಲ.

ಮೊದಲ ಪಾಠ, ಆಫೀಸಿನ ಐಡಿ ಕಾರ್ಡಿಗೊಂದು ಚೀಲ. ಒಂದು ಬದಿಯಲ್ಲಿ ಫೋಟೋ ಕಾಣುವಂತೆ ಕಿಟಕಿ ಕತ್ತರಿಸಿ, ಮೂರು ಕಡೆ ಹೊಲಿಗೆ ಹಾಕಿ, ಕಾರ್ಡು ತೂರಿಸಲು ನಾಲ್ಕನೇ ಕಡೆ ಬಿಡಬೇಕು. "ಅಳತೆಗೆ ಕಾರ್ಡ್ ಒಳಗೇ ಇಟ್ಕೊಂಡು ಹೊಲೀರಿ, ಟೈಟಾಗಿ ಬರುತ್ತೆ" ಅಂದರು ಮೇಸ್ತ್ರಿ. ಇಟ್ಟೆ. ಎರಡು ಸೂಜಿ, ಒಂದೇ ಮೇಣದ ದಾರ, ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು. ಕೈಗೆ ಲಯ ಸಿಕ್ಕಿತು. ವಾರವೆಲ್ಲ ಸ್ಕ್ರೀನು ನೋಡುವವಳಿಗೆ ಅದೆಷ್ಟು ಹಾಯೆನಿಸಿತೆಂದರೆ, ನಿಲ್ಲಿಸಲು ಮನಸ್ಸೇ ಬರದೆ ನಾಲ್ಕೂ ಕಡೆ ಹೊಲಿದುಬಿಟ್ಟೆ.

ಕಾರ್ಡು ಒಳಗೆ ಸೀಲ್ ಆಯಿತು. ಅದೂ ಉಲ್ಟಾ. ಕಿಟಕಿಯಲ್ಲಿ ನನ್ನ ಮುಖವಿಲ್ಲ, ಹಿಂಬದಿಯ ಸಾಲು ಕಾಣುತ್ತಿತ್ತು: ಈ ಕಾರ್ಡು ಸಿಕ್ಕಿದವರು ದಯವಿಟ್ಟು ಕೆಳಗಿನ ವಿಳಾಸಕ್ಕೆ ತಲುಪಿಸಿ.

ಸೋಮವಾರ ಗೇಟಿನಲ್ಲಿ ಸೆಕ್ಯೂರಿಟಿಯವರು ಅದನ್ನು ಪೂರ್ತಿ ಓದಿದರು. ಅವರು ಕೆಲಸಕ್ಕೆ ಸೇರಿ ಎರಡೇ ದಿನವಾಗಿತ್ತು. "ಎಲ್ಲಿ ಸಿಕ್ತು ಮೇಡಂ ಇದು?"

"ಪೀಣ್ಯದಲ್ಲಿ" ಎಂದು ಬಾಯಿಗೆ ಬಂತು.

"ಅಷ್ಟು ದೂರದಿಂದ ತಂದಿದೀರಾ! ಈ ಕಾಲ್ದಲ್ಲಿ ಯಾರ್ ತರ್ತಾರೆ ಮೇಡಂ? ಕೊಡಿ, ನಾವು ತಲುಪಿಸ್ತೀವಿ."

ಹಿಂದೆ ಕ್ಯೂ ಬೆಳೆದಿತ್ತು. ಕೊಟ್ಟೆ. ಒಳಗೆ ಹೋಗಬೇಕಲ್ಲ, ವಿಸಿಟರ್ ರಿಜಿಸ್ಟರಿನಲ್ಲಿ ಹೆಸರು ಬರೆದೆ. ಯಾರನ್ನು ನೋಡಬೇಕು ಎಂಬ ಕಡೆಯೂ ಅದೇ ಹೆಸರು ಬರೆದೆ. ಅವರು ನನ್ನ ಡೆಸ್ಕಿಗೆ ಫೋನು ಮಾಡಿ ಬಹಳ ಹೊತ್ತು ಕಿವಿಗಿಟ್ಟುಕೊಂಡಿದ್ದು, ಕೊನೆಗೆ ಕುರ್ಚಿ ತೋರಿಸಿದರು.

"ಅವ್ರು ಇನ್ನೂ ಬಂದಿಲ್ಲ ಮೇಡಂ. ಕೂತಿರಿ, ಬಂದ ತಕ್ಷಣ ಹೇಳ್ತೀನಿ."

೨. ಹೊಸ ಶೂ

ಸಂಜೆಗೆ ಕಾರ್ಡು ನನಗೇ ವಾಪಸ್ ಬಂತು. ಮುಂದಿನ ಭಾನುವಾರ ಚೀಲದ ನಾಲ್ಕನೇ ಕಡೆಯ ಹೊಲಿಗೆ ಬಿಚ್ಚಿದೆವು. ತೂತುಗಳು ಹಾಗೇ ಉಳಿದವು. "ಬಟ್ಟೆ ಆದ್ರೆ ಬಿಚ್ಚಿದ್ಮೇಲೆ ಮುಚ್ಕೊಳ್ಳುತ್ತೆ. ಚರ್ಮ ಹಂಗಲ್ಲ, ನೆನಪಿಟ್ಕೊಳ್ಳುತ್ತೆ" ಅಂದರು ಮೇಸ್ತ್ರಿ. ಆ ತೂತುಗಳಲ್ಲೇ ಕೆಂಪು ದಾರ ಪೋಣಿಸಿ ಅಂಚು ಮಾಡಿಕೊಟ್ಟರು. ಆಫೀಸಿನಲ್ಲಿ ಇಬ್ಬರು ಅದನ್ನು ಡಿಸೈನ್ ಅಂದುಕೊಂಡು ಎಲ್ಲಿ ಸಿಗುತ್ತೆ ಎಂದು ಕೇಳಿದರು.

ಅದೇ ವಾರ ಮಧ್ಯಾಹ್ನದ ಬಿಡುವಿನಲ್ಲಿ ಉಜ್ಜಿ ಹೊಳಪು ಮಾಡಲೆಂದು ಒಂದು ತುಂಡು ಚರ್ಮಕ್ಕೆ ಎಣ್ಣೆ ಹಚ್ಚಿ ಬ್ಯಾಗಿನಲ್ಲಿ ಒಯ್ದೆ. ಆಫೀಸ್ ಕ್ಯಾಬು. ಎಸಿ. ಕಿಟಕಿ ಮುಚ್ಚಿತ್ತು. ಎರಡನೇ ಸಿಗ್ನಲ್ಲಿನ ಹೊತ್ತಿಗೆ ವಾಸನೆ ಎಲ್ಲರನ್ನೂ ಮುಟ್ಟಿತು. ಪ್ರತಿಯೊಬ್ಬರೂ ಮೊದಲು ಪಕ್ಕದವರ ಕಾಲು ನೋಡಿದರು, ಆಮೇಲೆ ನಿಧಾನವಾಗಿ ತಮ್ಮ ಕಾಲು ನೋಡಿಕೊಂಡರು. ನನ್ನ ಪಕ್ಕ ಕೂತಿದ್ದ ಟೀಮ್ ಲೀಡ್ ಎರಡೂ ಪಾದಗಳನ್ನು ಸೀಟಿನ ಅಡಿಗೆ ಸೇರಿಸಿಕೊಂಡು, ಇಳಿಯುವವರೆಗೂ ಹಾಗೇ ಕೂತಿದ್ದರು.

ನಾನು ಹೇಳಬೇಕಿತ್ತು. ಹೇಳಲಿಲ್ಲ. ಮರುದಿನ ಅವರು ಹೊಸ ಶೂ ಹಾಕಿಕೊಂಡು ಬಂದರು.

ಆ ದಿನ ನನ್ನ ಬ್ಯಾಗಿನಲ್ಲಿ ಚರ್ಮ ಇರಲಿಲ್ಲ, ಕ್ಯಾಬಿನಲ್ಲಿ ವಾಸನೆಯೂ ಇರಲಿಲ್ಲ. "ನೋಡಿದ್ರಾ?" ಎಂದು ಅವರು ಎಲ್ಲರಿಗೂ ಕೇಳುವಂತೆ ಹೇಳಿದರು, "ನನ್ನದೇ."

೩. ಕುಟ್ಟಿದ ಪುಡಿ

ಹೂಡಿಯ ನನ್ನ ರೂಮು ಎರಡನೇ ಮಹಡಿಯಲ್ಲಿ. ಕೆಳಗೆ ಓನರ್ ಆಂಟಿ. ಅವರದು ಹೂಡಿ ಇನ್ನೂ ಊರಾಗಿದ್ದಾಗಿನ ಮನೆತನ. ಈಗ ರಾಗಿ ಹೊಲವಿದ್ದ ಜಾಗದಲ್ಲಿ ಬಾಡಿಗೆಯವರು ಬೆಳೆದಿದ್ದೇವೆ.

ಚರ್ಮಕ್ಕೆ ಹೊಲಿಗೆ ಹಾಕುವ ಮುಂಚೆ ಸೂಜಿ ಹೋಗಲು ತೂತು ಹೊಡೆಯಬೇಕು. ಉಳಿಯಂಥ ಸಾಮಾನು ಇಟ್ಟು ಮರದ ಸುತ್ತಿಗೆಯಿಂದ ಕುಟ್ಟಬೇಕು. ಟಕ್, ಟಕ್, ಟಕ್. ನಾನು ಕುಟ್ಟತೊಡಗಿದ ಎರಡನೇ ಸಂಜೆಯೇ ಆಂಟಿ ಮೆಟ್ಟಿಲು ಹತ್ತಿ ಬಂದರು.

"ಏನಮ್ಮಾ, ಮ್ಯಾಲೆ ಏನೋ ಕುಟ್ತಾ ಇದ್ದಂಗೈತೆ? ಸಾಂಬಾರ್ ಪುಡಿನಾ?"

ಮಿಕ್ಸಿ ಕಾಲದಲ್ಲಿ ಒಬ್ಬ ಹುಡುಗಿ ಕುಟ್ಟಿ ಪುಡಿ ಮಾಡುತ್ತಾಳೆಂದು ಅವರ ಮುಖ ಅರಳಿಬಿಟ್ಟಿತ್ತು. ಅದನ್ನು ಬಾಡಿಸಲು ನನ್ನಿಂದಾಗಲಿಲ್ಲ.

"ಹೂಂ ಆಂಟಿ."

"ಅಯ್ಯೋ, ನಮ್ ಸೊಸೆಗೆ ತೋರಿಸ್ಬೇಕು ನಿನ್ನ! ಕುಟ್ಟಿದ್ ಪುಡಿ ರುಚಿನೇ ಬ್ಯಾರೆ. ಒಸಿ ಕೊಡಮ್ಮಾ."

ಅಮ್ಮ ಕಳಿಸಿದ ಡಬ್ಬಿಯಲ್ಲಿದ್ದುದನ್ನು ಕೊಟ್ಟೆ. ಮರುದಿನ ಡಬ್ಬಿ ತುಂಬ ಅವರೆಕಾಳಿನ ಸಾರು ಬಂತು. ಅಂದಿನಿಂದ ಲೆಕ್ಕ ಸ್ಪಷ್ಟವಾಯಿತು. ನಾನು ಮೇಲೆ ಕುಟ್ಟಿದ ಮರುದಿನ ಕೆಳಗೆ ಪುಡಿ ಹೋಗಬೇಕು. ನಾಲ್ಕು ತೂತು ಹೊಡೆದರೂ ಆಂಟಿ ಕಾಯುತ್ತಿದ್ದರು. ಅಮ್ಮನಿಗೆ ಫೋನು ಮಾಡಿ ಪುಡಿ ಕೇಳಿ ಕೇಳಿ ನನಗೇ ನಾಚಿಕೆಯಾಯಿತು.

"ಅಲ್ಲ ಕಣವ್ವಾ, ಒಬ್ಬಳೇ ಇದ್ದು ತಿಂಗಳಿಗೆ ಎರಡು ಕೆಜಿ ಸಾಂಬಾರ್ ಪುಡಿ ಏನ್ ಮಾಡ್ತೀಯ? ಮೈಗೆ ಹಚ್ಕೊಂತೀಯಾ?" ಅಂದರು ಅಮ್ಮ.

ಒಮ್ಮೆ ಒಂದು ಪರ್ಸಿನ ಕೆಲಸ ಕೆಟ್ಟು, ಸಿಟ್ಟಿನಲ್ಲಿ ಬೇಕಾದ್ದಕ್ಕಿಂತ ಜೋರಾಗಿ ಕುಟ್ಟಿದ್ದೆ. ಮರುದಿನ ಪುಡಿ ಕೊಟ್ಟಾಗ ಆಂಟಿ ಬೆರಳಿಗೆ ಹಚ್ಚಿ ನಾಲಿಗೆಗಿಟ್ಟು ಕಣ್ಣು ಮುಚ್ಚಿದರು.

"ನಿನ್ನೆ ಕುಟ್ಟಿದ್ ಕೇಳ್ದಾಗ್ಲೇ ಅಂದ್ಕೊಂಡೆ ಕಣಮ್ಮಾ, ಇವತ್ತಿಂದು ಒಸಿ ಖಾರ ಇರ್ತದೆ ಅಂತ."

೪. ಮಲ್ಲಿಗೆಯ ಅಳತೆ

ನಿವೃತ್ತಿಗೆ ಇನ್ನು ಮೂರು ತಿಂಗಳಿತ್ತು. ಬೆಲ್ಟಿನ ಚರ್ಮ ಕತ್ತರಿಸುವ ಸಮಯ. ಅಪ್ಪನ ಹಳೆ ಬೆಲ್ಟಿನ ಉದ್ದ ಬೇಕಿತ್ತು. ಗುಟ್ಟು ಗೊತ್ತಿದ್ದದ್ದು ಅಮ್ಮನಿಗೆ ಮಾತ್ರ. ಅಪ್ಪ ಸ್ನಾನಕ್ಕೆ ಹೋದಾಗ ಅಳೆದು ಹೇಳು ಅಂದೆ. ಹತ್ತು ನಿಮಿಷ ಬಿಟ್ಟು ಅಮ್ಮ ಪಿಸುದನಿಯಲ್ಲಿ ಫೋನು ಮಾಡಿದರು.

"ಎರಡೂವರೆ ಮೊಳ."

"ಸೆಂಟಿಮೀಟರಲ್ಲಿ ಹೇಳಮ್ಮ."

"ಟೇಪು ನಿಮ್ಮಪ್ಪನ ಡ್ರಾಯರಲ್ಲೈತೆ. ತೆಗೆದ್ರೆ ಯಾಕೆ ಅಂತ ಕೇಳ್ತಾರೆ. ಎರಡೂವರೆ ಮೊಳ, ಬರ್ಕೋ" ಎಂದು ಇಟ್ಟುಬಿಟ್ಟರು.

ಇಂಗ್ಲಿಷ್ ಮೀಡಿಯಮ್ಮಿನಲ್ಲಿ ನಮಗೆ ಸಮುದ್ರದ ಆಳ ಅಳೆಯುವುದನ್ನೂ ಹೇಳಿಕೊಟ್ಟಿದ್ದರು, ಮೊಳ ಹೇಳಿಕೊಟ್ಟಿರಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ: ಹೂವನ್ನು ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಯಾರನ್ನಾದರೂ ಕೇಳಲು ನಾಚಿಕೆ. ಹೂಡಿಯ ರೈಲ್ವೆ ಗೇಟಿನ ಹತ್ತಿರ ಹೂ ಮಾರುವ ಅಕ್ಕನ ಹತ್ತಿರ ಹೋಗಿ, "ಎರಡೂವರೆ ಮೊಳ ಮಲ್ಲಿಗೆ ಕೊಡಿ" ಅಂದೆ. ಆಕೆ ಮೊಣಕೈಯಿಂದ ಬೆರಳ ತುದಿಯವರೆಗೆ ಸರಸರನೆ ಎರಡು ಸಲ ಎಳೆದು, ಅರ್ಧ ಸೇರಿಸಿ ಕತ್ತರಿಸಿದರು. "ಏನಕ್ಕಾ, ಮನೇಲಿ ಫಂಕ್ಷನ್ನಾ?" "ಹೂಂ."

ರೂಮಿಗೆ ಬಂದು ಮಾಲೆಯನ್ನು ನೆಲದ ಮೇಲೆ ನೇರ ಮಾಡಿ ಉಕ್ಕಿನ ಪಟ್ಟಿಯಿಂದ ಅಳೆದೆ. ತೊಂಬತ್ತೈದು ಪಾಯಿಂಟ್ ಮೂರು ಸೆಂಟಿಮೀಟರ್. ಎರಡನೇ ಸಲವೂ ಅಷ್ಟೇ ಬಂತು. ಗಣಿತದ ಮೇಷ್ಟ್ರ ಮಗಳು, ದಶಾಂಶವನ್ನೂ ಏಕಮಾನವನ್ನೂ ಬರೆದುಕೊಂಡೆ. ಇರಲಿ ಎಂದು ಭಾನುವಾರ ಮಾಲೆಯನ್ನೂ ಪೀಣ್ಯಕ್ಕೆ ಒಯ್ದೆ.

ಮೇಸ್ತ್ರಿ ಬಾಡಿದ ಮಲ್ಲಿಗೆಯನ್ನೂ ನನ್ನನ್ನೂ ನೋಡಿದರು. "ಏನಮ್ಮ ಇದು?"

"ಅಪ್ಪನ ಬೆಲ್ಟಿನ ಅಳತೆ ಸಾರ್."

"ಗ್ಯಾರಂಟಿನಾ?"

ಪಟ್ಟಿಯ ಅಳತೆ ಬರೆದ ಚೀಟಿ ತೋರಿಸಿದೆ. ದಶಾಂಶ ನೋಡಿ ಅವರು ಚಾಕು ಕೈಗೆತ್ತಿಕೊಂಡರು. ಚರ್ಮ ಕತ್ತರಿಸಿದೆವು. ತೂತಿಗೆ ಜಾಗ ಗುರುತು ಹಾಕಿ, ಬಕಲ್ ಹೊಲಿದು, ಆ ಮಧ್ಯಾಹ್ನವೇ ಚಿಕ್ಕಬಾಣಾವರಕ್ಕೆ ಹೋದೆ. ಅಪ್ಪ ಊಟ ಮಾಡಿ ಮಲಗಿದ್ದಾಗ ಹಳೆ ಬೆಲ್ಟಿನ ಪಕ್ಕ ಹೊಸದನ್ನು ಇಟ್ಟು ನೋಡಿದೆ. ಸರಿಯಾಗಿ ಒಂದು ಗೇಣು ಕಡಿಮೆ.

ಬ್ಯಾಗಿನ ತಳಕ್ಕೆ ತುರುಕಿ, ಅಡಿಗೆಮನೆಗೆ ಹೋಗಿ ಅಮ್ಮನ ಮುಂಗೈ ಹಿಡಿದು ನೋಡಿದೆ. ಉದ್ದ ಕೈ. ಮುಂದಿನ ವಾರ ಮೇಸ್ತ್ರಿಗೆ ನಡೆದದ್ದೆಲ್ಲ ಹೇಳಿದಾಗ ಅವರು ಲೇತ್ ನಿಲ್ಲುವವರೆಗೆ ಕಾದರು. ಅದು ಎಲ್ಲರಿಗೂ ಕೇಳಬೇಕಿತ್ತು ಅಂತ ಕಾಣುತ್ತದೆ.

"ಅಲ್ಲಮ್ಮಾ, ಹೂವಿನವ್ರ ಮೊಳ ಯಾವತ್ತಾದ್ರೂ ಪೂರ್ತಿ ಇರುತ್ತಾ? ಅವ್ರು ಪೂರ್ತಿ ಅಳೆದ್ರೆ ಅವ್ರ ಮನೆ ಹೆಂಗೆ ನಡೀಬೇಕು?"

೫. ಮೂರು ತೂತು

ಕತ್ತರಿಸಿದ ಚರ್ಮ ಬೆಳೆಯುವುದಿಲ್ಲ. ಹೊಸದಾಗಿ ಮಾಡಿಬಿಡೋಣ ಅಂದೆ. ಮೇಸ್ತ್ರಿ ಒಪ್ಪಲಿಲ್ಲ. ಹೊಸದರಲ್ಲಿ ಹೊಸ ತಪ್ಪು ಮಾಡುತ್ತೀರಿ, ಇದರಲ್ಲಾದರೆ ಯಾವ ತಪ್ಪು ಅಂತ ಗೊತ್ತಿದೆ ಅಂದರು. ಬೆಲ್ಟನ್ನು ನಡುಮಧ್ಯೆ ಕತ್ತರಿಸಿ, ಬೆನ್ನಿನ ಕಡೆ ಬರುವಂತೆ ಒಂದು ತುಂಡು ಸೇರಿಸಬೇಕು. ಅಂಚುಗಳನ್ನು ಚಾಕುವಿನಿಂದ ಕಾಗದದಷ್ಟು ತೆಳ್ಳಗೆ ಸವರಿ, ಒಂದರ ಮೇಲೊಂದು ಕೂರಿಸಿ ಹೊಲಿಯಬೇಕು.

ಅದೇ ಬಣ್ಣದ ಚರ್ಮ ಹುಡುಕುತ್ತಿದ್ದೆ. "ಬೇಡ" ಅಂದರು. "ಮುಚ್ಚೋಕೆ ಹೋದ್ರೆ ತಪ್ಪು ಅಂತಾರೆ. ಬೇರೆ ಬಣ್ಣ ಹಾಕಿ, ಫ್ಯಾಷನ್ ಅಂತಾರೆ." ಕಂದು ಬೆಲ್ಟಿಗೆ ಕಪ್ಪು ತುಂಡು ಬಿತ್ತು. ಈ ಸಲ ಯಾರನ್ನೂ ನಂಬದೆ ಒಂದು ಗೇಣಿನ ಮೇಲೆ ಎರಡು ಬೆರಳು ಹೆಚ್ಚಿಗೆ ಇಟ್ಟೆ. ಸವರುವುದನ್ನು ಐದು ಭಾನುವಾರ ಕಲಿತೆ, ಆರನೇ ಭಾನುವಾರ ಹೊಲಿದೆ.

ಆ ದಿನಗಳಲ್ಲಿ ಮನೆಗೆ ಹೋದಾಗ ಅಪ್ಪನ ತಟ್ಟೆಯಲ್ಲಿ ಎರಡು ರೊಟ್ಟಿಯ ಜಾಗದಲ್ಲಿ ಒಂದಿರುತ್ತಿತ್ತು. ಬೆಳಗ್ಗೆ ಕೆರೆ ಕಡೆ ವಾಕಿಂಗ್ ಬೇರೆ ಶುರು ಮಾಡಿದ್ದರು. "ರಿಟೈರ್‌ಮೆಂಟ್ ಚಿಂತೆ ಕಣವ್ವಾ, ಊಟನೇ ಸೇರ್ತಿಲ್ಲ" ಅಂದರು ಅಮ್ಮ. ನನಗೂ ಹಾಗೇ ಅನ್ನಿಸಿತು. ಅಪ್ಪನನ್ನು ಯಾರೂ ಕೇಳಲಿಲ್ಲ.

ಉಳಿದದ್ದು ಸೊಂಟದ ತೂತುಗಳು. ಮೇಸ್ತ್ರಿ ಐದು ಹೊಡೆಯಲು ಹೇಳಿದ್ದರು. ಬೀಳ್ಕೊಡುಗೆಯ ಹಿಂದಿನ ಸಂಜೆ ರೂಮಿನಲ್ಲಿ ಕೂತು ತುದಿಯ ಕಡೆಯಿಂದ ಹೊಡೆಯತೊಡಗಿದೆ. ಮೂರನೆಯದು ಮುಗಿಯುವಾಗ ಕೆಳಗಿನಿಂದ ಆಂಟಿಯ ದನಿ ಬಂತು. "ಈ ಸಲ ನಮ್ ಮಗಳ ಮನೆಗೂ ಸೇರ್ಸಿ ಕುಟ್ಟಮ್ಮಾ!"

ಡಬ್ಬಿ ನೋಡಿದೆ, ಖಾಲಿ. ಸುತ್ತಿಗೆ ಕೆಳಗಿಟ್ಟೆ. ಅಪ್ಪನ ಬೆಲ್ಟಿಗೆ ಮೂರೇ ತೂತು ಇರುವುದಕ್ಕೆ ಕಾರಣ, ಸಾಂಬಾರ್ ಪುಡಿ ಮುಗಿದದ್ದು.

೬. ಎರಡು ಕೈ

ನಿವೃತ್ತಿಯ ದಿನ ಬೆಳಗ್ಗೆ ಬೆಲ್ಟನ್ನು ಪೇಪರಿನಲ್ಲಿ ಸುತ್ತಿ ಅಪ್ಪನ ಕೈಗಿಟ್ಟೆ. "ನಾನೇ ಮಾಡಿದ್ದು" ಅಂದೆ. ಅವರು ಬಿಚ್ಚಿ, ಬೆನ್ನಿನ ಕಪ್ಪು ತುಂಡಿನ ಮೇಲೆ ಹೆಬ್ಬೆರಳು ಆಡಿಸಿದರು. ಯಾಕೋ ಅದನ್ನೇ ಬಹಳ ಹೊತ್ತು ನೋಡಿದರು. ರೂಮಿಗೆ ಹೋಗಿ ಹಾಕಿಕೊಂಡು ಬಂದರು.

"ಸರಿಯಾಗಿದೆಯಾ ಅಪ್ಪ?"

"ಸರಿಯಾಗಿದೆ."

ಶಾಲೆಯ ಹಾಲಿನಲ್ಲಿ ಅಮ್ಮ, ನಾನು ಮೊದಲ ಸಾಲಿನಲ್ಲಿ ಕೂತೆವು. ವೇದಿಕೆಯಲ್ಲಿ ಅಪ್ಪನ ಎಡಗೈ ಹೊಟ್ಟೆಯ ಮೇಲಿತ್ತು. ಹೆಡ್‌ಮಾಸ್ಟರು ಪೇಟ ತೊಡಿಸಿದರು, ಕೈ ಅಲ್ಲೇ ಇತ್ತು. ಶಾಲು ಹೊದಿಸಿದರು, ಕೈ ಶಾಲಿನೊಳಗೆ ಹೋಯಿತು, ಹೊಟ್ಟೆ ಬಿಡಲಿಲ್ಲ. ಸಭೆ ಎದ್ದು ಚಪ್ಪಾಳೆ ಹೊಡೆಯಿತು. ಅಪ್ಪ ಬಲಗೈ ಒಂದನ್ನೇ ಎದೆಯ ಮಟ್ಟಕ್ಕೆ ಎತ್ತಿದರು.

ನನ್ನ ಹಿಂದಿನ ಸಾಲಿನ ವಿಜ್ಞಾನದ ಟೀಚರು ಮೂಗು ಒರೆಸಿಕೊಂಡರು. "ನೋಡ್ರೀ, ಹೊಟ್ಟೇಲಿ ಎಷ್ಟು ಸಂಕಟ ಇದೆಯೋ. ಕೈ ಮುಗಿಯೋಕೂ ಆಗ್ತಿಲ್ಲ."

ಅವರು ಅಳುವುದಕ್ಕೂ ಹಣ್ಣಿನ ಬುಟ್ಟಿ ಬರುವುದಕ್ಕೂ ಸರಿಹೋಯಿತು. ಹಣ್ಣಿನ ಬುಟ್ಟಿಯನ್ನು ಒಂದು ಕೈಯಲ್ಲಿ ತೆಗೆದುಕೊಳ್ಳುವಂತಿಲ್ಲ. ಅಪ್ಪ ಬುಟ್ಟಿ ನೋಡಿದರು, ಹೆಡ್‌ಮಾಸ್ಟರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆ ನೋಟದಲ್ಲಿ ನನಗೆ ಎಲ್ಲ ಅರ್ಥವಾಯಿತು. ಕೈ ಹೊಟ್ಟೆಯ ಮೇಲಿರಲಿಲ್ಲ, ಪ್ಯಾಂಟು ಹಿಡಿದಿತ್ತು.

"ಮಗಳ ಕೈಗೆ ಕೊಡಿ" ಅಂದರು ಅಪ್ಪ.

ಜನರೆದುರು ನಿಲ್ಲುವುದು ನನ್ನಿಂದಾಗದ ಕೆಲಸ. ಆದರೂ ಹತ್ತಿದೆ. ಬುಟ್ಟಿ ಹಿಡಿದೆ. ಹೆಡ್‌ಮಾಸ್ಟರಿಗೆ ಉತ್ಸಾಹ ಬಂದು ಮೈಕು ನನ್ನ ಬಾಯಿಗೆ ಹಿಡಿದರು. "ತಂದೆಯವರ ಬಗ್ಗೆ ಮಗಳು ಎರಡು ಮಾತು ಆಡಬೇಕು!"

ಅಪ್ಪನ ಶಾಲಿನ ಕೆಳಗೆ ಬಕಲ್ಲು ಜಾರುತ್ತಿರುವುದು ನನಗೆ ಕಾಣುತ್ತಿತ್ತು.

"ಅಪ್ಪ ಈಗ ಕೂತ್ಕೊಳ್ಲಿ" ಅಂದೆ. ನನಗೆ ಬಂದದ್ದು ಅಷ್ಟೇ.

ಹಾಲು ಚಪ್ಪಾಳೆಯಿಂದ ತುಂಬಿತು. ಮೂವತ್ತು ವರ್ಷ ನಿಂತು ಪಾಠ ಮಾಡಿದ ಮೇಷ್ಟ್ರ ಬಗ್ಗೆ ಇದಕ್ಕಿಂತ ದೊಡ್ಡ ಮಾತಿಲ್ಲ ಎಂದು ಹೆಡ್‌ಮಾಸ್ಟರು ಮೈಕಿನಲ್ಲೇ ಸಾರಿದರು. ಅಪ್ಪ ಕೂತರು.

ಮುಂದಿನ ಒಂದು ಗಂಟೆ ಭಾಷಣಗಳು. ಎಲ್ಲರೂ ಊಟಕ್ಕೆ ಎದ್ದಾಗ ನಾವು ಮೂವರು ಸ್ಟಾಫ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆವು. ಬೆಲ್ಟು ಎಲ್ಲಕ್ಕಿಂತ ಬಿಗಿಯಾದ ಕೊನೆಯ ತೂತಿನಲ್ಲೇ ಇತ್ತು. ಆದರೂ ಹೊಟ್ಟೆಗೂ ಅದಕ್ಕೂ ನಡುವೆ ಒಂದು ಹಸ್ತ ಹೋಗುವಷ್ಟು ಜಾಗ.

"ಅಷ್ಟೊಂದು ಉದ್ದ ಮಾಡಿಲ್ಲ ಅಪ್ಪ" ಅಂದೆ.

ಅಪ್ಪ ಕಿಟಕಿಯ ಕಡೆ ನೋಡುತ್ತ ಹೇಳಿದರು. "ಮೂರು ತಿಂಗಳ ಹಿಂದೆ, ಚಾರ್ಜರ್ ಬೇಕು ಅಂತ ನಿನ್ನ ಬ್ಯಾಗ್ ತೆಗೆದೆ. ಬೆಲ್ಟ್ ಸಿಕ್ತು. ಹಾಕ್ಕೊಂಡು ನೋಡಿದೆ. ಒಂದು ಗೇಣು ಸಾಲ್ಲಿಲ್ಲ. ಕಷ್ಟಪಟ್ಟು ಮಾಡಿದೀಯ, ಸಾಲ್ಲಿಲ್ಲ ಅಂತ ಹೆಂಗೆ ಹೇಳೋದು? ಅದಕ್ಕೆ ನಾನೇ ಇಳಿಯೋಣ ಅಂತ..."

ಅಮ್ಮ ಅವರನ್ನೂ ನನ್ನನ್ನೂ ನೋಡಿದರು. "ನೀವು ರೊಟ್ಟಿ ಬಿಟ್ಟಿದ್ದು ಇದಕ್ಕಾ? ನಾನು ನಿಮ್ಮ ಹೆಸರಲ್ಲಿ ಐದು ಸೋಮವಾರ ಉಪವಾಸ ಹಿಡಿದಿದೀನಿ!"

"ಎಷ್ಟು ಅಳತೆಗೆ ಕತ್ತರಿಸಿದ್ದೆ?" ಅಪ್ಪ ಕೇಳಿದರು.

"ಎರಡೂವರೆ ಮೊಳ."

"ಯಾರ ಮೊಳ?"

"ಹೂಡಿ ಗೇಟಿನ ಹೂವಿನ ಅಕ್ಕಂದು."

ಅಪ್ಪ ಬೆಲ್ಟು ಬಿಚ್ಚಿ ಕೈಗೆ ತೆಗೆದುಕೊಂಡರು. "ಏಕಮಾನ ಪೂರ್ತಿ ಬರೆದಿಲ್ಲ. ಅರ್ಧ ಅಂಕ ಕಟ್."

ಆಮೇಲೆ ತಮ್ಮ ಮೇಜಿನ ಡ್ರಾಯರು ಎಳೆದರು. ಜಾಮಿಟ್ರಿ ಬಾಕ್ಸಿನಿಂದ ಕೈವಾರ ತೆಗೆದು, ಬೆಲ್ಟನ್ನು ಮೇಜಿನ ಮೇಲೆ ಚಾಚಿ, ಸ್ಕೇಲಿನಿಂದ ಗುರುತು ಹಾಕಿ, ಮೊನೆಯನ್ನು ಒತ್ತಿ ತಿರುಗಿಸಿದರು. ಚರ್ಮ ದಪ್ಪ. ಮೊನೆ ಜಾರಿತು. ತೂತು ಸಾಲು ಬಿಟ್ಟು ಒಂದಿಷ್ಟು ಮೇಲಕ್ಕೆ ಬಿತ್ತು. ಅವರು ಅದನ್ನೇ ನೋಡುತ್ತ ನಿಂತರು. ಚರ್ಮ ನೆನಪಿಟ್ಟುಕೊಳ್ಳುತ್ತದೆ.

ಬೆಲ್ಟು ಬಿಗಿದುಕೊಂಡು, ಎಡಗೈಯನ್ನು ಒಂದು ಸಲ ಜಾಡಿಸಿ, ಅಪ್ಪ ಬಾಗಿಲು ತೆಗೆದು ಹೊರಗೆ ಬಂದರು. ಊಟದ ಸಾಲಿನಲ್ಲಿದ್ದ ಟೀಚರುಗಳಿಗೆ, ಬಡಿಸುವವರಿಗೆ, ತಟ್ಟೆ ಹಿಡಿದು ನಿಂತ ಮಕ್ಕಳಿಗೆ, ಎಲ್ಲರಿಗೂ ಎರಡೂ ಕೈ ಜೋಡಿಸಿ, ಸೊಂಟ ಬಗ್ಗಿಸಿ ನಮಸ್ಕಾರ ಮಾಡುತ್ತ ಹೋದರು. ಇಷ್ಟು ಖುಷಿಯಾಗಿ ಅವರನ್ನು ನಾನು ನೋಡಿಯೇ ಇರಲಿಲ್ಲ.

ವಿಜ್ಞಾನದ ಟೀಚರು ಹೋಳಿಗೆ ಮುರಿಯುತ್ತ ನನ್ನ ಕಡೆ ವಾಲಿ, ದನಿ ಇಳಿಸಿ ಹೇಳಿದರು:

"ಪಾಪ, ಒಳಗೆ ಹೋಗಿ ಚೆನ್ನಾಗಿ ಅತ್ತುಬಿಟ್ರು ಅನ್ಸುತ್ತೆ. ಈಗ ಹಗುರಾಗಿದಾರೆ."

"ಹೂಂ" ಅಂದೆ.